ಒಂದು ಹತ್ತರ ಊಟ

"ಇದನ್ನ ಬರೆದೋರು ಯಾರು?"

ಬಾಗಿಲು ತಳ್ಳಿಕೊಂಡು ಬಂದವಳು ಕೂರುವ ಮೊದಲೇ ಕೇಳಿದಳು. ಕೈಯಲ್ಲಿದ್ದ ಅಚ್ಚಾದ ಹಾಳೆಯನ್ನು ಮೇಜಿನ ಮೇಲಿಟ್ಟು, ಫ್ಯಾನಿನ ಗಾಳಿಗೆ ಹಾರದಿರಲಿ ಎಂದು ಅದರ ಮೇಲೊಂದು ಹಳದಿ ಹೆಲ್ಮೆಟ್ ಕುಕ್ಕಿದಳು. ಸಿಮೆಂಟಿನ ಧೂಳು ಮೇಜಿನ ಗಾಜಿನ ಮೇಲೆಲ್ಲ ಉದುರಿತು.

ಮೇಜಿನ ಆಚೆ ಕೂತಿದ್ದ ಆಹಾರ ತಜ್ಞ ಧೂಳನ್ನು ನೋಡಿದ, ಹೆಲ್ಮೆಟ್ ನೋಡಿದ, ಆಮೇಲೆ ಅವಳನ್ನು ನೋಡಿದ.

"ನಾನೇ ಬರೆದಿದ್ದು. ಕೂತ್ಕೊಳ್ಳಿ."

"ದಿನಕ್ಕೆ ನಾಲ್ಕು ಲೀಟರ್ ನೀರು. ಎರಡೆರಡು ಗಂಟೆಗೊಂದು ಸಲ ಸ್ವಲ್ಪ ಸ್ವಲ್ಪ ತಿನ್ನೋದು, ಒಟ್ಟು ಆರು ಸಲ. ತಿಂದಾದ್ಮೇಲೆ ಹತ್ತು ನಿಮಿಷ ನಡಿಗೆ. ಸರಿ ಸಾರ್, ಎಲ್ಲಿ ನಡೀಲಿ?"

"ಎಲ್ಲಿ ಅಂದ್ರೆ... ನೀವು ಕೆಲಸ ಮಾಡೋ ಜಾಗದಲ್ಲೇ. ಆ ಕಡೆ ಈ ಕಡೆ."

ಅವಳು ಅವನ ಬೆನ್ನ ಹಿಂದಿನ ಕಿಟಕಿಯತ್ತ ಬೆರಳು ತೋರಿಸಿದಳು. ಕ್ಲಿನಿಕ್ಕು ಇದ್ದದ್ದು ಮೂರನೇ ಮಹಡಿಯಲ್ಲಿ. ರಸ್ತೆಯಾಚೆ ದೊಡ್ಡದೊಂದು ಕಟ್ಟಡ ಏಳುತ್ತಿತ್ತು. ಅದರ ಪಕ್ಕದಲ್ಲಿ ಹಳದಿ ಬಣ್ಣದ ಕ್ರೇನು, ಕ್ರೇನಿನ ತಲೆಯ ಹತ್ತಿರ ಒಂದು ಗಾಜಿನ ಪೆಟ್ಟಿಗೆ.

"ಅಲ್ಲಿ. ಅರವತ್ತು ಮೀಟರ್ ಮೇಲೆ. ಏಳು ಗಂಟೆಗೆ ಹತ್ತಿದ್ರೆ ಇಳಿಯೋದು ಒಂದಕ್ಕೆ. ಮತ್ತೆ ಎರಡಕ್ಕೆ ಹತ್ತಿ ಐದಕ್ಕೆ ಇಳಿಯೋದು. ಒಳಗಡೆ ಒಂದು ಕುರ್ಚಿ, ಎರಡು ಹಿಡಿ, ಅಷ್ಟೇ. ನಡೆಯೋಕೆ ಜಾಗ ಇದ್ದಿದ್ರೆ ನಾನ್ಯಾಕ್ರೀ ಹಿಂಗಾಗ್ತಿದ್ದೆ? ಇನ್ನು ಆ ನಾಲ್ಕು ಲೀಟರ್ ನೀರು. ಕುಡಿಯೋದೇನೋ ಕುಡೀತೀನಿ. ಆಮೇಲೆ?"

ಆಮೇಲೆ ಏನು ಎನ್ನುವುದು ಹೊಳೆಯಲು ಅವನಿಗೆ ಎರಡು ಕ್ಷಣ ಬೇಕಾಯಿತು. ಹೊಳೆದ ಕೂಡಲೇ ಕಿವಿ ಕೆಂಪಾದವು.

ಮೂರು ವರ್ಷದಿಂದ ಅವನು ಆ ಹಾಳೆ ಹಂಚುತ್ತಿದ್ದ. ತೆಗೆದುಕೊಂಡವರು ತಲೆಯಾಡಿಸಿ, ಮನೆಗೆ ಹೋಗಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ, ಅದೇ ಬಾಗಿಲು ತೆರೆದು ಐಸ್‌ಕ್ರೀಮ್ ತೆಗೆಯುತ್ತಿದ್ದರು. ಹಾಳೆಯನ್ನು ವಾಪಸ್ಸು ತಂದು ಜವಾಬು ಕೇಳಿದವಳು ಇವಳೇ ಮೊದಲು. ಬೇರೆಯವರಾಗಿದ್ದರೆ ಗಂಟುಮುಖ ಹಾಕುತ್ತಿದ್ದರೇನೋ. ಇವನು ಕುರ್ಚಿ ತಿರುಗಿಸಿಕೊಂಡು ಮೊಟ್ಟಮೊದಲ ಸಲ ಎನ್ನುವಂತೆ ಆ ಕ್ರೇನನ್ನು ನೋಡತೊಡಗಿದ.

"ಇಳಿಯೋಕೆ ಎಷ್ಟು ಹೊತ್ತು ಬೇಕು?"

"ಹತ್ತು ನಿಮಿಷ. ಹತ್ತೋಕೆ ಹದಿನೈದು."

"ಮೇಲೆ ಹಸಿವಾದ್ರೆ?"

"ಆಗಲ್ಲ. ಕೊಕ್ಕೇಲಿ ಎರಡು ಟನ್ ಕಬ್ಬಿಣ ತೂಗಾಡ್ತಿರುವಾಗ ಹಸಿವು ಎಲ್ಲಿಂದ ಬರತ್ತೆ? ಇಳಿದ ಮೇಲೆ ಒಟ್ಟಿಗೇ ಬರತ್ತೆ, ಗೋಡೆ ಸಿಕ್ಕಿದ್ರೂ ತಿಂದುಬಿಡೋ ಹಾಗೆ."

"ಇದು ನಂಗೆ ಗೊತ್ತಿರ್ಲಿಲ್ಲ" ಎಂದ. ಅವನು ಅದನ್ನು ಎಷ್ಟು ಸಲೀಸಾಗಿ ಹೇಳಿದನೆಂದರೆ, ಜಗಳಕ್ಕೆಂದೇ ಬಂದವಳು ಹೆಲ್ಮೆಟ್ ಎತ್ತಿ ತೊಡೆಯ ಮೇಲಿಟ್ಟುಕೊಂಡು ಕೂತಳು. ಮುಖ್ಯವಾದ ಮಾತು ಇನ್ನೂ ಬಾಕಿ ಇತ್ತು.

"ಸಾರ್, ನಂಗೆ ಹದಿನಾರು ವಾರ ಇದೆ. ಮೂರು ತಿಂಗಳ ಸರಾಸರಿ ಸಕ್ಕರೆ ಎಂಟೂವರೆ ಬಂದಿದೆ. ಏಳರ ಒಳಗೆ ಇಳೀದಿದ್ರೆ ನಮ್ಮ ಕಂಪನಿ ಡಾಕ್ಟರು ಸರ್ಟಿಫಿಕೇಟ್ ಕೊಡಲ್ಲ. ಆಗ ನನ್ನನ್ನ ಕ್ರೇನಿಂದ ಇಳಿಸಿ ಸ್ಟೋರಲ್ಲಿ ಕೂರಿಸ್ತಾರೆ, ಮೊಳೆ ಎಣಿಸೋಕೆ." ಅವಳ ದನಿ ತಗ್ಗಿತು. "ನಂಗೆ ಬರೋದು ಇದೊಂದೇ ಕೆಲಸ. ನಂಗೆ ಇಷ್ಟ ಇರೋದೂ ಇದೊಂದೇ."

ಅವನು ಅಚ್ಚಾದ ಹಾಳೆಯನ್ನು ಎರಡಾಗಿ ಮಡಚಿ ಕಸದ ಬುಟ್ಟಿಗೆ ಹಾಕಿದ. ಖಾಲಿ ಹಾಳೆ ತೆಗೆದುಕೊಂಡ.

"ಹಾಗಾದ್ರೆ ನಿಮ್ಮ ದಿನದಿಂದ ಶುರು ಮಾಡೋಣ. ನಾನು ಒಂದೊಂದೇ ಹೇಳ್ತೀನಿ. ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ: ಇದನ್ನ ನೀವು ಎಷ್ಟು ದಿನ ಮಾಡಬಲ್ಲಿರಿ? ಹದಿನಾರು ವಾರ ಅಂದ್ರೆ ಬೇಡ. ಐವತ್ತು ವರ್ಷ ಆದ್ಮೇಲೂ ಮಾಡ್ತಿರ್ತೀನಿ ಅನ್ನೋದಾದ್ರೆ ಮಾತ್ರ ಬರೀತೀನಿ."

"ಬೆಳಿಗ್ಗೆ ಬರೀ ಹಸಿ ತರಕಾರಿ ಅಂದ್ರೆ ಎರಡು ದಿನ."

"ಮೊಟ್ಟೆ, ಬೇಯಿಸಿದ ಕಾಳು, ಒಂದು ಬ್ರೆಡ್ಡು?"

ಅವಳು ಯೋಚಿಸಿದಳು. "ಅದು... ಮಾಡಬಹುದು. ಐವತ್ತು ವರ್ಷ."

ಅವನು ಬರೆದುಕೊಂಡ. ಹೀಗೆ ಶುರುವಾಯಿತು.

*

ಕೆಲಸದ ಜಾಗದಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಮೇಲಿನಕ್ಕ ಎಂದು. ಅವಳಿಗಿಂತ ಇಪ್ಪತ್ತು ವರ್ಷ ದೊಡ್ಡವರೂ ಹಾಗೇ ಕರೆಯುತ್ತಿದ್ದರು. ಆಹಾರ ತಜ್ಞನಿಗೆ ಹೆಸರಿಟ್ಟವನು ಸಿಗ್ನಲ್ ಮಾವ. ಕೆಳಗೆ ನಿಂತು ಕೈಸನ್ನೆಯಲ್ಲೂ ವಾಕಿಟಾಕಿಯಲ್ಲೂ ಅವಳಿಗೆ ದಾರಿ ತೋರಿಸುವುದು ಈ ಮಾವನ ಕೆಲಸ. ನಾಲ್ಕು ವರ್ಷದಿಂದ ಅವಳ ಕಣ್ಣು ಅವನು, ಅವನ ಕೈ ಅವಳು.

"ಪಥ್ಯದ ಮೇಷ್ಟ್ರು ಏನಂದ್ರು?" ಎಂದು ಕೇಳಿದ ಮಾವ.

"ಪುಸ್ತಕ ಕೊಟ್ಟಿದ್ದಾರೆ. ಏನು ತಿಂದೆ, ಎಷ್ಟು ಹೊತ್ತಿಗೆ, ಎಷ್ಟು, ಹಸಿವು ಹೇಗಿತ್ತು, ಯಾರ ಜೊತೆ ತಿಂದೆ, ಎಲ್ಲ ಬರೀಬೇಕಂತೆ."

"ಯಾರ ಜೊತೆ ಅನ್ನೋದು ಅವ್ರಿಗ್ಯಾಕೆ?"

ಅದನ್ನು ಅವಳೂ ಕೇಳಿದ್ದಳು. ಒಬ್ಬರೇ ತಿನ್ನುವಾಗ ಜನ ಬೇರೆ ಥರ ತಿನ್ನುತ್ತಾರೆ, ಅದಕ್ಕೆ ಎಂದಿದ್ದ ಅವನು. ಹಾಗಾದರೆ ನೀವೂ ಬರೀರಿ, ನನ್ನ ತಟ್ಟೆಯಲ್ಲಿ ಮೂಗು ತೂರಿಸೋರ ತಟ್ಟೆ ನಾನೂ ನೋಡಬೇಕಲ್ಲ, ಎಂದಿದ್ದಳು ಇವಳು. ತಮಾಷೆಗೆ ಹೇಳಿದ್ದು. ಅವನು "ನ್ಯಾಯ" ಎಂದು ತನಗೂ ಎರಡು ಪುಸ್ತಕ ತೆಗೆದಿಟ್ಟುಕೊಂಡ.

ಇಬ್ಬರಿಗೂ ಎರಡೆರಡು ಪುಸ್ತಕ. ಒಂದರಲ್ಲಿ ಬರೆಯುತ್ತಿರುವಾಗ ಇನ್ನೊಂದು ಎದುರಿನವರ ಕೈಯಲ್ಲಿ. ಶನಿವಾರ ಮಧ್ಯಾಹ್ನ ಕೆಲಸ ಬೇಗ ಮುಗಿಯುತ್ತಿತ್ತು. ಅವಳು ಮುಖ ತೊಳೆದು ರಸ್ತೆ ದಾಟಿ ಮೂರು ಮಹಡಿ ಹತ್ತಿ ಹೋದರೆ ಪುಸ್ತಕ ಬದಲಾಯಿಸಿಕೊಳ್ಳುವುದು. ಅರ್ಧ ಗಂಟೆಯ ಭೇಟಿ ಎರಡನೇ ವಾರಕ್ಕೆ ಒಂದು ಗಂಟೆಯಾಯಿತು. ಯಾಕೆ ಎಂದು ಇಬ್ಬರೂ ಕೇಳಲಿಲ್ಲ.

ಅವನ ಮೊದಲ ಪುಸ್ತಕ ಓದಿ ಅವಳಿಗೆ ನಗು ತಡೆಯಲಾಗಲಿಲ್ಲ. *ಮೂರು ನಲವತ್ತು. ಬಿಸ್ಕತ್ತು, ನಾಲ್ಕು. ಹಸಿವು ನೆನಪಿಲ್ಲ. ಒಬ್ಬನೇ.* ಮಾರನೇ ದಿನ: *ನಾಲ್ಕು ಗಂಟೆ. ಬಿಸ್ಕತ್ತು, ಐದು. ಒಬ್ಬನೇ.* ಊರಿಗೆಲ್ಲ ಊಟ ಹೇಳಿಕೊಡುವ ಮೇಷ್ಟ್ರ ಗತಿ ಇದು. ನಕ್ಕು ಮುಗಿದ ಮೇಲೆ ಆ ಕೊನೆಯ ಸಾಲು ಮತ್ತೆ ಓದಿದಳು. ಒಬ್ಬನೇ, ಒಬ್ಬನೇ, ಒಬ್ಬನೇ. ಏಳು ದಿನಕ್ಕೂ ಒಂದೇ ಪದ. ಯಾಕೋ ಪುಸ್ತಕ ಮುಚ್ಚಲು ಮನಸ್ಸು ಬರಲಿಲ್ಲ.

ಮೂರನೇ ವಾರ ಒಂದು ವಿಚಿತ್ರ ಕಣ್ಣಿಗೆ ಬಿತ್ತು. ಅವನ ಮಧ್ಯಾಹ್ನದ ಊಟ ದಿಢೀರನೆ ಹೊತ್ತಿಗೆ ಸರಿಯಾಗಿ ಬಂದಿತ್ತು. *ಒಂದು ಹತ್ತು. ಅನ್ನ, ಬೇಳೆ, ಸೊಪ್ಪು.* ಸೋಮವಾರ ಒಂದು ಹತ್ತು. ಮಂಗಳವಾರ ಒಂದು ಹತ್ತು. ಶನಿವಾರದವರೆಗೂ ಅದೇ. ಭಾನುವಾರ ಮಾತ್ರ ಮತ್ತೆ *ಮೂರು ಗಂಟೆ, ಬಿಸ್ಕತ್ತು.*

"ಮಾವ, ಒಬ್ಬ ಮನುಷ್ಯ ದಿನಾ ಒಂದು ಹತ್ತಕ್ಕೇ ಯಾಕೆ ಊಟ ಮಾಡ್ತಾನೆ? ಒಂದು ಗಂಟೆಗಲ್ಲ, ಒಂದೂಕಾಲಿಗಲ್ಲ."

"ಯಾರೋ ಬರೋದು ಕಾಯ್ತಾನೆ ಅಂತ ಲೆಕ್ಕ" ಎಂದ ಮಾವ, ಡಬ್ಬಿಯಿಂದ ತಲೆಯೆತ್ತದೆ. "ಭಾನುವಾರ ರಜ. ಆಫೀಸಿನ ಹುಡುಗಿ ಇರ್ಬೇಕು."

ಅವಳು ಕೈಯಲ್ಲಿದ್ದ ತುತ್ತನ್ನು ಮತ್ತೆ ಡಬ್ಬಿಗೇ ಹಾಕಿದಳು. ಹುಡುಗಿ ಇದ್ದರೆ ಒಬ್ಬನೇ ಎಂದು ಯಾಕೆ ಬರೆಯುತ್ತಾನೆ? ಇಲ್ಲದಿದ್ದರೆ ಈ ಹತ್ತು ನಿಮಿಷದ ಲೆಕ್ಕ ಏನು? ನನಗ್ಯಾಕೆ ಬೇಕು ಅದೆಲ್ಲ... ಎಂದುಕೊಂಡಳು. ಬೇಕಾಗಿತ್ತು. ಬಹಳ ಬೇಕಾಗಿತ್ತು.

*

ಅವನು ತನ್ನ ಪುಸ್ತಕದಲ್ಲಿ ಬಿಸ್ಕತ್ತನ್ನೂ ಮುಚ್ಚಿಡಲಿಲ್ಲ. ಮುಚ್ಚಿಟ್ಟವಳು ಇವಳು.

ಮನೆಯಲ್ಲಿ ಅಮ್ಮ, ಮಗಳು ಇಬ್ಬರೇ. ಅವಳು ಮೊದಲ ಸಲ ಕ್ರೇನು ಹತ್ತಿದ ದಿನ ಅಮ್ಮ ಗೇಟಿನ ಹತ್ತಿರ ಇಡೀ ದಿನ ಕತ್ತೆತ್ತಿಕೊಂಡು ನಿಂತಿದ್ದಳು. ಸಂಜೆ ಮಗಳು ಇಳಿದು ಬಂದಾಗ ಮನೆಗೆ ಕರೆದುಕೊಂಡು ಹೋಗಿ ಹಾಲು, ಸಕ್ಕರೆ ಹಾಕಿ ಅನ್ನ ಬೇಯಿಸಿ ಸ್ಟೀಲಿನ ಬಟ್ಟಲು ತುಂಬಿಸಿ ಕೊಟ್ಟಳು. ಎದುರಿಗೆ ಕೂತು ಕೊನೆಯ ಚಮಚದವರೆಗೂ ನೋಡಿದಳು. ಅಂದಿನಿಂದ ದಿನಾ ಸಂಜೆ ಆರಕ್ಕೆ ಆ ಬಟ್ಟಲು. ಮಗಳು ಚಪ್ಪಲಿ ಬಿಡುವ ಸದ್ದು ಕೇಳಿದ ಮೇಲೆಯೇ ಅಮ್ಮನ ಮುಖಕ್ಕೆ ಬಣ್ಣ ಬರುತ್ತಿತ್ತು. ಬಟ್ಟಲು ಖಾಲಿಯಾದ ಮೇಲೆ ಮಾತು ಬರುತ್ತಿತ್ತು.

ಅದನ್ನು ಬೇಡ ಎನ್ನುವುದು ಹೇಗೆ?

ಮೊದಲ ವಾರ ಸಂಜೆ ಆರರ ಸಾಲನ್ನು ಖಾಲಿ ಬಿಟ್ಟಿದ್ದಳು. ಅವನು ಸರಿಯಾಗಿ ಅಲ್ಲೇ ಬೆರಳಿಟ್ಟು, "ಇಳಿದ ಮೇಲೆ ಗೋಡೆ ತಿನ್ನೋ ಹಸಿವು ಅಂದಿದ್ರಿ. ಏನೂ ತಿನ್ನಲ್ವಾ?" ಎಂದು ಕೇಳಿದ. ಬಾಯಿಗೆ ಬಂದದ್ದು "ಸೇಬು" ಎಂಬ ಪದ. ಅವನ ಮುಖ ಅರಳಿತು. "ಇದನ್ನ ಎಷ್ಟು ದಿನ ಮಾಡಬಲ್ಲಿರಿ?" ಎಂದ. "ಐವತ್ತು ವರ್ಷ" ಎಂದುಬಿಟ್ಟಳು. ಅಂದಿನಿಂದ ವಾರಾ ವಾರಾ ಸೇಬು ಬರೆಯುವುದು ಅವಳ ಕರ್ಮವಾಯಿತು. ಮನೆಗೆ ಒಂದು ಸೇಬೂ ಬಂದಿರಲಿಲ್ಲ.

ನಿಜ ಹೇಳಿದರೆ ಅವನು ಆ ಬಟ್ಟಲು ನಿಲ್ಲಿಸಿ ಎಂದುಬಿಟ್ಟರೆ? ಅಮ್ಮನಿಗೆ ಏನು ಹೇಳಲಿ? ಅದಕ್ಕಿಂತ, ಅವನ ಮುಖ ಅರಳುವುದು ನಿಂತುಬಿಟ್ಟರೆ... ಈ ಎರಡನೆಯದನ್ನು ಅವಳು ತನಗೆ ತಾನೇ ಒಪ್ಪಿಕೊಳ್ಳಲು ಇನ್ನೊಂದು ವಾರ ಹಿಡಿಯಿತು.

*

ಆರನೇ ವಾರದ ಶನಿವಾರ ರಕ್ತದ ರಿಪೋರ್ಟ್ ಬಂದಿತ್ತು. ಪುಸ್ತಕ ಬದಲಾಯಿಸಿಕೊಂಡ ಮೇಲೆ ಅವನು ಆ ಕಾಗದವನ್ನು ಅವಳ ಕಡೆ ಸರಿಸಿದ. ಎಂಟೂಕಾಲು.

ಇಳಿದದ್ದು ಕಾಲು. ಇಳಿಯಬೇಕಾಗಿದ್ದದ್ದು ಅದಕ್ಕಿಂತ ಎಷ್ಟೋ ಹೆಚ್ಚು.

ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕಿಟಕಿ ನೋಡಿದ, ಪೆನ್ನಿನ ಮುಚ್ಚಳ ತೆಗೆದು ಹಾಕಿದ.

"ಮುಂದಿನ ವಾರದಿಂದ ನಿಮ್ಮ ಫೈಲು ನಮ್ಮ ಹಿರಿಯ ಮೇಡಂ ನೋಡ್ತಾರೆ. ನಾನು ಮಾತಾಡಿದ್ದೀನಿ. ಅವ್ರು ತುಂಬ ಅನುಭವಸ್ಥರು."

"ಯಾಕೆ?"

"ನನ್ನಿಂದ ಸರಿಯಾಗಿ ಆಗ್ತಿಲ್ಲ."

"ನಿಮ್ಮಿಂದನಾ, ನನ್ನಿಂದನಾ? ನೇರವಾಗಿ ಹೇಳಿ ಸಾರ್."

ಅವನು ರಿಪೋರ್ಟನ್ನು ಮಡಚಿ ಫೈಲಿನೊಳಗೆ ಇಟ್ಟ. "ಅವ್ರ ಹತ್ರ ಹೋಗಿ. ದಯವಿಟ್ಟು."

ಮೆಟ್ಟಿಲಿಳಿಯುವಾಗ ಅವಳಿಗೆ ಎಲ್ಲ ಗೊತ್ತಾಯಿತು, ಅಥವಾ ಗೊತ್ತಾಯಿತು ಎಂದುಕೊಂಡಳು. ಸೇಬಿನ ಕಥೆ ಬಯಲಾಗಿದೆ. ಸುಳ್ಳುಬುರುಕಿಯ ಸಹವಾಸ ಸಾಕು ಎಂದು ಕೈ ತೊಳೆದುಕೊಂಡಿದ್ದಾನೆ. ಅವನ ಪುಸ್ತಕ ಚೀಲದಲ್ಲೇ ಇತ್ತು. ಅದನ್ನು ತೆರೆಯಲಿಲ್ಲ. ಹಿರಿಯ ಮೇಡಂ ಹತ್ತಿರವೂ ಹೋಗಲಿಲ್ಲ. ಮನೆಗೆ ಹೋಗಿ ಬಟ್ಟಲು ಖಾಲಿ ಮಾಡಿ, ಇನ್ನೊಂದು ಚೂರು ಹಾಕು ಎಂದಳು. ಅಮ್ಮ ಸಂತೋಷದಿಂದ ಹಾಕಿದಳು.

*

ಬುಧವಾರ ಮಧ್ಯಾಹ್ನ ಹನ್ನೆರಡೂವರೆಗೆ ಗಾಳಿ ಎದ್ದಿತು.

ಗಾಳಿ ಜೋರಾದರೆ ಕ್ರೇನು ನಿಲ್ಲಿಸಬೇಕು. ಕೊಕ್ಕೆ ಖಾಲಿ ಮಾಡಿ, ಮೇಲಿನ ಉದ್ದನೆಯ ತೋಳನ್ನು ಬಿಗಿ ಹಿಡಿಯದೆ ಬಿಟ್ಟುಬಿಡಬೇಕು. ಗಾಳಿ ಎತ್ತ ತಿರುಗಿಸುತ್ತದೋ ಅತ್ತ ಅದು ತಿರುಗುತ್ತದೆ, ಅದರ ಜೊತೆಗೆ ಗಾಜಿನ ಪೆಟ್ಟಿಗೆಯೂ.

"ಮೇಲಿನಕ್ಕ, ಏಣಿಗೆ ಕಾಲಿಡಬೇಡ" ಎಂದ ಮಾವ ವಾಕಿಟಾಕಿಯಲ್ಲಿ. "ಕಡಿಮೆ ಆಗೋವರೆಗೂ ಅಲ್ಲೇ ಕೂತಿರು."

ಅವಳು ಕೂತಳು. ಮಾಡಲು ಕೆಲಸವಿಲ್ಲ, ಮಾತಾಡಲು ಜನವಿಲ್ಲ. ಚೀಲದಲ್ಲಿ ನಾಲ್ಕು ದಿನದಿಂದ ಮುಖ ಊದಿಸಿಕೊಂಡು ಕೂತಿದ್ದ ಪುಸ್ತಕ. ಓದಲ್ಲ ಎಂದುಕೊಂಡೇ ತೆಗೆದಳು.

ಕೊನೆಯ ಪುಟದಲ್ಲಿ ಊಟದ ಸಾಲುಗಳ ಕೆಳಗೆ, ಅವನದೇ ದುಂಡು ಅಕ್ಷರದಲ್ಲಿ ಬರೆದಿತ್ತು:

*ರಿಪೋರ್ಟ್ ನೋಡಿದೆ. ಪುಸ್ತಕದಲ್ಲಿರುವ ಊಟಕ್ಕೆ ಈ ಸಂಖ್ಯೆ ಬರುವುದಿಲ್ಲ. ಒಂದೋ ನನ್ನ ಲೆಕ್ಕ ತಪ್ಪು, ಇಲ್ಲವೇ ಬರೆಯಲಾಗದ್ದು ಏನೋ ಇದೆ. ಆರು ವಾರದಲ್ಲಿ ಇಷ್ಟೊಂದು ಸೇಬು ಯಾರೂ ತಿನ್ನುವುದಿಲ್ಲ. ಬರೆಯಲು ಹೆದರುವಂತೆ ನಾನು ಏನು ಮಾಡಿದೆ? ಅದನ್ನು ಕೇಳಬೇಕು. ಆದರೆ ಎದುರಿಗೆ ಕೂತಾಗ ರಿಪೋರ್ಟಿಗಿಂತ ಮೊದಲು ಮುಖ ನೋಡುತ್ತೇನೆ. ಮುಖ ನಗುತ್ತಿದ್ದರೆ ಕೇಳಬೇಕಾದ್ದನ್ನು ಕೇಳುವುದಿಲ್ಲ. ಇದು ಸರಿಯಲ್ಲ. ನನ್ನ ಈ ಹುಚ್ಚಿಗೆ ಅವರ ಕ್ರೇನು ಹೋಗಬಾರದು. ಫೈಲು ಮೇಡಂಗೆ ಕೊಡುತ್ತೇನೆ.*

ಅದರ ಕೆಳಗೆ ಇನ್ನೊಂದು ಸಾಲು, ಬರೆಯಲೋ ಬೇಡವೋ ಎನ್ನುವಂತೆ ಸಣ್ಣಗೆ:

*ಒಂದು ಗಂಟೆಗೆ ಇಳಿಯಲು ಶುರು. ಕಾಲು ನೆಲಕ್ಕೆ ತಾಗುವುದು ಒಂದು ಹತ್ತಕ್ಕೆ. ಆಮೇಲೆ ನನಗೂ ಹಸಿವಾಗುತ್ತದೆ.*

ಅವಳು ಅದನ್ನು ಮೂರು ಸಲ ಓದಿದಳು. ಭಾನುವಾರದ ಬಿಸ್ಕತ್ತು ಆಗ ಅರ್ಥವಾಯಿತು. ಭಾನುವಾರ ಕ್ರೇನು ರಜ.

ಗಾಳಿ ಪೆಟ್ಟಿಗೆಯನ್ನು ಮೆಲ್ಲಗೆ ತಿರುಗಿಸುತ್ತಿತ್ತು. ಊರಿನ ಚಾವಣಿಗಳು, ಸೇತುವೆ, ಬಸ್ ನಿಲ್ದಾಣ ಒಂದೊಂದಾಗಿ ಗಾಜಿನಾಚೆ ಸರಿದವು. ಆಮೇಲೆ ರಸ್ತೆಯಾಚೆಯ ಕಟ್ಟಡ, ಮೂರನೇ ಮಹಡಿ, ಅದೇ ಕಿಟಕಿ.

ಕಿಟಕಿಯಲ್ಲಿ ಯಾರೋ ನಿಂತಿದ್ದರು. ಅಷ್ಟು ದೂರದಿಂದ ಮುಖ ಕಾಣುತ್ತಿರಲಿಲ್ಲ. ಬಿಳಿ ಅಂಗಿ, ಕೈಯಲ್ಲಿ ಮುಚ್ಚಿದ ಡಬ್ಬಿ. ಗಡಿಯಾರ ನೋಡಿದಳು, ಒಂದು ಐವತ್ತು.

ಎರಡು ಗಂಟೆಯಾಯಿತು, ಎರಡೂಕಾಲಾಯಿತು. ಪೆಟ್ಟಿಗೆ ಆ ಕಡೆ ತಿರುಗಿದಾಗಲೆಲ್ಲ ಬಿಳಿ ಅಂಗಿ ಅಲ್ಲೇ ಇತ್ತು. ಗಾಳಿ ಇಳಿದು ಮಾವ "ಬಾರಮ್ಮ" ಎಂದಾಗ ಅವಳು ಏಣಿಯಲ್ಲಿ ಎಂದಿಗಿಂತ ಬೇಗ ಇಳಿದಳು. ಕಾಲು ನೆಲಕ್ಕೆ ತಾಗಿದ ಕೂಡಲೇ ತಿರುಗಿ ನೋಡಿದಳು. ಕಿಟಕಿಯಲ್ಲಿದ್ದವನು ಆಗ ಕೂತ.

"ಯಾಕಮ್ಮ ಅಳ್ತಿದ್ದೀಯ? ಮೇಲೆ ಹೆದ್ರಿಕೆ ಆಯ್ತಾ?" ಎಂದ ಮಾವ.

"ಹಸಿವು ಮಾವ" ಎಂದಳು.

*

ಸಂಜೆ ಆರಕ್ಕೆ ಅಮ್ಮ ಬಟ್ಟಲು ತಂದಿಟ್ಟಾಗ ಮಗಳು ಚಮಚ ಮುಟ್ಟಲಿಲ್ಲ. ಬಟ್ಟಲಿನ ಮೇಲೆ ತಟ್ಟೆ ಮುಚ್ಚಿ ಚೀಲಕ್ಕಿಟ್ಟುಕೊಂಡಳು.

"ಎಲ್ಲಿಗೇ ಅದು?"

"ಪಥ್ಯದ ಮೇಷ್ಟ್ರಿಗೆ ತೋರಿಸ್ಬೇಕು ಅಮ್ಮ. ಅವ್ರಿಗೆ ಆರು ವಾರದಿಂದ ಸುಳ್ಳು ಹೇಳಿದ್ದೀನಿ."

ಅಮ್ಮ ಸೆರಗಿಗೆ ಕೈ ಒರೆಸಿಕೊಂಡಳು. "ನಾನೂ ಬರ್ತೀನಿ."

ಕ್ಲಿನಿಕ್ಕಿನಲ್ಲಿ ಕೊನೆಯ ರೋಗಿ ಹೋಗಿದ್ದ. ಅವಳು ಬಟ್ಟಲನ್ನು ಮೇಜಿನ ಮೇಲೆ, ಮೊದಲ ದಿನ ಹೆಲ್ಮೆಟ್ ಇಟ್ಟ ಜಾಗದಲ್ಲೇ ಇಟ್ಟಳು.

"ಇದು ಸಾರ್ ನನ್ನ ಸೇಬು."

ಅವನು ತಟ್ಟೆ ಸರಿಸಿ ನೋಡಿದ. ಸಿಟ್ಟು ಬರಲಿಲ್ಲ. ಕುತೂಹಲದಿಂದ ಬಗ್ಗಿ ಮೂಸಿದ.

"ದಿನಾನಾ?"

"ದಿನಾ. ಒಂದೇ ದಿನ ತಪ್ಪಿಲ್ಲ, ನಾಲ್ಕು ವರ್ಷ."

"ಸಕ್ಕರೆ ಎಷ್ಟು ಹಾಕ್ತೀರಮ್ಮ?"

"ಕೈಗೆ ಬಂದಷ್ಟು" ಎಂದಳು ಅಮ್ಮ. ಆಮೇಲೆ ಕುರ್ಚಿಯ ತುದಿಯಲ್ಲಿ ಕೂತು, ತಾನೇ ತಪ್ಪೊಪ್ಪಿಕೊಳ್ಳಲು ಬಂದವಳಂತೆ ಹೇಳತೊಡಗಿದಳು. "ನೋಡಪ್ಪ, ಐದು ಗಂಟೆಯಾದ್ರೆ ನಂಗೆ ಸುಮ್ನೆ ಕೂರೋಕಾಗಲ್ಲ. ಏನಾದ್ರೂ ಮಾಡ್ತಾ ಇರ್ಬೇಕು. ಹಾಲು ಕಾಯಿಸ್ತೀನಿ, ಅಕ್ಕಿ ತೊಳೀತೀನಿ. ಇವಳು ಬಂದು ಎದುರಿಗೆ ಕೂತು ತಿಂದ್ರೆ, ಸದ್ಯ, ಇವತ್ತೂ ಇಳಿದು ಬಂದ್ಲು ಅಂತ. ಇವಳು ಆ ಕೆಲಸ ಬಿಟ್ರೆ ನಂಗೆ ಸಂತೋಷವೇ, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಇವಳನ್ನ ಇಳಿಸೋದು ನನ್ನ ಬಟ್ಟಲು ಆಗ್ಬಾರ್ದು."

ಮಗಳು ಅಮ್ಮನ ಕಡೆ ತಿರುಗಿದಳು. ಅಮ್ಮ ಇದನ್ನು ಎಂದೂ ಬಾಯಿಬಿಟ್ಟು ಹೇಳಿರಲಿಲ್ಲ.

"ನಿಲ್ಲಿಸು ಅಂದ್ರೆ ನಿಲ್ಲಿಸ್ತೀನಪ್ಪ" ಎಂದಳು ಅಮ್ಮ, ಬಟ್ಟಲಿನ ಮೇಲೆ ಕೈಯಿಟ್ಟು.

"ಬೇಡ. ನಿಲ್ಲಿಸಿದ್ರೆ ಎಷ್ಟು ದಿನ ನಡೆಯತ್ತೆ? ಎರಡು ವಾರ. ಆಮೇಲೆ ನೀವು ಕದ್ದು ಮಾಡ್ತೀರ, ಇವ್ರು ಕದ್ದು ತಿಂತಾರೆ, ಪುಸ್ತಕದಲ್ಲಿ ಮತ್ತೆ ಸೇಬು ಬರತ್ತೆ." ಅವನು ಮಗಳ ಕಡೆ ನೋಡಿದ. "ಒಂದು ಕೇಳ್ತೀನಿ, ಯೋಚನೆ ಮಾಡಿ ಹೇಳಿ. ನಿಮಗೆ ಬೇಕಾಗಿರೋದು ಆ ಸಿಹಿನಾ, ಬಟ್ಟಲು ತುಂಬ ಇರೋದಾ, ಇಲ್ಲ ಅಮ್ಮ ಎದುರಿಗೆ ಕೂತಿರೋದಾ?"

ಅವಳನ್ನು ಯಾರೂ ಹೀಗೆ ಕೇಳಿರಲಿಲ್ಲ. ಅವಳು ನಿಜಕ್ಕೂ ಯೋಚಿಸಿದಳು.

"ಅಮ್ಮ" ಎಂದಳು.

"ನಂಗೆ ಇವಳು ತಿನ್ನೋದು ನೋಡಿದ್ರೆ ಸಾಕು" ಎಂದಳು ಅಮ್ಮ. "ಏನಾದ್ರೂ ಸರಿ."

ಆಮೇಲೆ ಮೂವರೂ ಸೇರಿ ಚಮಚದಲ್ಲಿ ಅಳೆದರು. ರಾತ್ರಿಯ ಊಟವನ್ನೇ ಆರು ಗಂಟೆಗೆ ತರುವುದು. ಮೊದಲು ತರಕಾರಿ, ಕಾಳು, ಆಮೇಲೆ ಸ್ವಲ್ಪ ಅನ್ನ. ಅಮ್ಮನೂ ಎದುರಿಗೆ ಕೂತು ಜೊತೆಯಲ್ಲೇ ಉಣ್ಣುವುದು. ಕೊನೆಗೆ ಅದೇ ಬಟ್ಟಲಿನಲ್ಲಿ ಮೂರು ಚಮಚ ಹಾಲನ್ನ, ಸಕ್ಕರೆ ಕೈಗೆ ಬಂದಷ್ಟಲ್ಲ, ಅಳತೆಯಷ್ಟು.

"ಮೂರು ಚಮಚ. ಎಷ್ಟು ದಿನ ಮಾಡಬಲ್ಲಿರಿ?"

"ಐವತ್ತು ವರ್ಷ" ಎಂದಳು. ಈ ಸಲ ಅದು ನಿಜವಾಗಿತ್ತು.

ಬಾಗಿಲಲ್ಲಿ ಹಿರಿಯ ಮೇಡಂ ಎಷ್ಟು ಹೊತ್ತಿನಿಂದ ನಿಂತಿದ್ದರೋ. ಒಳಗೆ ಬಂದು ಆ ಹಾಳೆ ಓದಿ, ಒಂದು ಕಡೆ ತಿದ್ದಿ, ಕೆಳಗೆ ತಮ್ಮ ಸಹಿ ಹಾಕಿದರು. "ಫೈಲು ನನ್ನ ಹತ್ರಾನೇ ಇರತ್ತೆ" ಎಂದರು ಅವನಿಗೆ. "ಅದು ನೀನು ತಗೊಂಡ ಸರಿಯಾದ ತೀರ್ಮಾನ. ಬದಲಾಯಿಸ್ಬೇಡ."

ಹೊರಡುವಾಗ ಅಮ್ಮ ಮುಂದೆ ಹೋದಳು. ಮಗಳು ಬಾಗಿಲ ಹತ್ತಿರ ನಿಂತಳು.

"ಪುಸ್ತಕ ಓದಿದೆ."

ಅವನ ಕಿವಿ ಮತ್ತೆ ಕೆಂಪಾದವು. "ಅದು... ಕೊನೇ ಪುಟ ಕೊಡ್ಬಾರ್ದಿತ್ತು. ಹರಿಯೋಕೆ ಮರೆತೆ."

"ಮರೆತಿದ್ದು ಒಳ್ಳೇದಾಯ್ತು." ಅವಳು ಚೀಲದ ದಾರ ಬೆರಳಿಗೆ ಸುತ್ತಿಕೊಂಡಳು. "ಇನ್ನೂ ಹತ್ತು ವಾರ ಇದೆ. ಅದು ಮುಗೀಲಿ ಸಾರ್. ಅಲ್ಲೀವರೆಗೂ ನಾನು ಇಲ್ಲಿಗೆ ಬರೋದು ಮೇಡಂ ಹತ್ರ ಮಾತ್ರ. ಆದ್ರೆ ಒಂದು ಹತ್ತು ತಪ್ಪಿಸ್ಬೇಡಿ."

*

ಹತ್ತು ವಾರ ಅವರಿಬ್ಬರೂ ಒಂದು ಮಾತೂ ಆಡಲಿಲ್ಲ.

ಅವಳು ಬೆಳಿಗ್ಗೆ ಮೊಟ್ಟೆ, ಕಾಳು ತಿಂದು ಹತ್ತುತ್ತಿದ್ದಳು. ಮೇಲೆ ಅರ್ಧ ಲೀಟರ್ ನೀರು, ಉಳಿದದ್ದು ಇಳಿದ ಮೇಲೆ. ಮಧ್ಯಾಹ್ನ ಊಟ ಮುಗಿಸಿ ಮಾವನ ಜೊತೆ ಗೇಟಿನ ತನಕ ಎರಡು ಸುತ್ತು. ನಡೆಯಲು ಜಾಗ ನೆಲದ ಮೇಲೆ ಧಾರಾಳವಾಗಿತ್ತು. ಒಂದೆರಡು ದಿನ ಎಡವಿದಳು. ಎಡವಿದ್ದನ್ನೂ ಬರೆದಳು. ಹಿರಿಯ ಮೇಡಂ ಅದನ್ನು ಓದಿ "ಹೂಂ" ಎಂದು ಮುಂದಿನ ಪುಟ ತಿರುಗಿಸುತ್ತಿದ್ದರು, ಅಷ್ಟೇ.

ನಡುವೆ ಒಂದು ದಿನ ಅಡುಗೆಮನೆಯಲ್ಲಿ ಎರಡು ಡಬ್ಬಿ ಕಂಡವು.

"ಇನ್ನೊಂದು ಯಾರಿಗಮ್ಮ?"

"ಯಾರಿಗಾದ್ರೂ ಆಗ್ಲಿ, ನಿಂಗ್ಯಾಕೆ" ಎಂದಳು ಅಮ್ಮ. "ಬಿಸ್ಕತ್ತು ತಿಂದು ಬದುಕೋರನ್ನ ನೋಡ್ಕೊಂಡು ಸುಮ್ನಿರೋಕಾಗತ್ತಾ? ಪುಸ್ತಕ ನೀನೇ ತಾನೇ ಓದಿ ಹೇಳಿದ್ದು."

ಎರಡನೆಯ ಡಬ್ಬಿಯನ್ನು ಮಾವ ರಸ್ತೆ ದಾಟಿ ಕೊಟ್ಟು ಬರುತ್ತಿದ್ದ. ಹಾಗಾಗಿ ಒಂದು ಹತ್ತಕ್ಕೆ ಕೆಳಗೆ ಅವಳೂ ಮೇಲೆ ಅವನೂ ಒಂದೇ ಪಾತ್ರೆಯಲ್ಲಿ ಬೆಂದ ಊಟ ಉಣ್ಣುತ್ತಿದ್ದರು. ಅವಳು ಒಮ್ಮೊಮ್ಮೆ ತಲೆಯೆತ್ತಿ ಕಿಟಕಿ ನೋಡುತ್ತಿದ್ದಳು. ಉಪ್ಪು ಹೆಚ್ಚಾಗಿದ್ದ ದಿನ ಅಲ್ಲಿಂದ ನೀರಿನ ಬಾಟಲಿ ಎತ್ತಿ ತೋರಿಸಲಾಗುತ್ತಿತ್ತು.

ಹದಿನಾರನೇ ವಾರ ರಿಪೋರ್ಟ್ ಬಂತು. ಆರು ಪಾಯಿಂಟ್ ಎಂಟು.

ಕಂಪನಿ ಡಾಕ್ಟರು ಸರ್ಟಿಫಿಕೇಟಿಗೆ ಮೊಹರು ಒತ್ತಿದರು. ಅವಳು ಅದನ್ನು ಹೆಲ್ಮೆಟ್ಟಿನೊಳಗೆ ಮಡಚಿಟ್ಟುಕೊಂಡು ಕ್ರೇನು ಹತ್ತಿದಳು. ಅಂದು ಮೇಲಿನಿಂದ ಊರು ಬಹಳ ಚೆನ್ನಾಗಿ ಕಂಡಿತು.

ಒಂದು ಗಂಟೆಗೆ ಇಳಿಯಲು ಎದ್ದವಳು ಕೆಳಗೆ ನೋಡಿದಳು. ಮಾವ ನಿಲ್ಲುವ ಜಾಗದಲ್ಲಿ ಮಾವ ಇರಲಿಲ್ಲ. ತಲೆಗೆ ದೊಡ್ಡದಾದ ಹೆಲ್ಮೆಟ್ ಹಾಕಿಕೊಂಡು ಬಿಳಿ ಅಂಗಿಯವನೊಬ್ಬ ನಿಂತಿದ್ದ. ಒಂದು ಕೈ ಕೆಳಗೆ ಚಾಚಿ, ತೋರುಬೆರಳನ್ನು ನೆಲದ ಕಡೆ ಮಾಡಿ, ಸಣ್ಣ ಸಣ್ಣ ಸುತ್ತು ಹಾಕುತ್ತಿದ್ದ. ಮೆಲ್ಲಗೆ ಇಳಿಸು ಎಂಬ ಸನ್ನೆ.

"ಕೊಕ್ಕೇಲಿ ಏನೂ ಇಲ್ಲ ಮಾವ, ಏನನ್ನ ಇಳಿಸ್ಲಿ?" ಎಂದಳು ವಾಕಿಟಾಕಿಗೆ.

"ನಿನ್ನನ್ನೇ ಇಳ್ಸು ಅಂತ" ಎಂದ ಮಾವ ಎಲ್ಲಿಂದಲೋ. "ಎರಡು ದಿನದಿಂದ ಹೇಳಿಕೊಟ್ಟಿದ್ದೀನಿ. ಬೇಗ ಬಾ, ಕೈ ನೋಯ್ತಿದೆಯಂತೆ."

ಅವಳು ಬೇಗ ಬರಲಿಲ್ಲ. ಒಂದೊಂದೇ ಮೆಟ್ಟಿಲು ಇಳಿದಳು. ಹತ್ತು ನಿಮಿಷ ಪೂರ್ತಿ ಬೇಕಾಗಿತ್ತು, ಎದೆ ಬಡಿತ ಸಮಾಧಾನವಾಗಲು.

ಕಾಲು ನೆಲಕ್ಕೆ ತಾಗಿತು. ಅವನು ಕೈ ಇಳಿಸಿದ.

"ಊಟ ಆಯ್ತಾ?" ಎಂದು ಕೇಳಿದ. ಮೊದಲ ಆರು ವಾರ ಎಷ್ಟು ಚಮಚ, ಎಷ್ಟು ಹೊತ್ತಿಗೆ ಎಂದೆಲ್ಲ ಕೇಳಿದ್ದವನು, ಎಲ್ಲರೂ ಎಲ್ಲರನ್ನೂ ಕೇಳುವ ಈ ಮಾತನ್ನು ಇವತ್ತೇ ಮೊದಲು ಕೇಳಿದ್ದು.

"ಇನ್ನೂ ಇಲ್ಲ. ನಿಮ್ಮದು?"

"ಕಾಯ್ತಿದ್ದೆ."

ಕಬ್ಬಿಣದ ರಾಶಿಯ ಪಕ್ಕದ ಬೆಂಚಿನ ಮೇಲೆ ಎರಡು ಡಬ್ಬಿ ಆಗಲೇ ಇದ್ದವು. ಕೂತರು. ಅವನು ಜೇಬಿನಿಂದ ಪುಸ್ತಕ ತೆಗೆದ. ಹೊತ್ತು: ಒಂದು ಹತ್ತು. ಏನು: ಅನ್ನ, ಬೇಳೆ, ಸೊಪ್ಪು, ಮೊಸರು. ಹಸಿವು: ಬಹಳ. ಕೊನೆಯ ಜಾಗ ಖಾಲಿ ಬಿಟ್ಟು ಪೆನ್ನು ಅವಳ ಕಡೆ ಚಾಚಿದ.

"ಇದೊಂದು ನೀವು ಬರೀರಿ. ನಂಗೆ ಒಂದೇ ಪದ ಬರೆದು ಬರೆದು ಅಭ್ಯಾಸ ಆಗಿದೆ."

ಹಿಂದಿನ ಪುಟಗಳು ಗಾಳಿಗೆ ತಿರುಗಿದವು. ಒಬ್ಬನೇ, ಒಬ್ಬನೇ, ಒಬ್ಬನೇ. ಅವಳು ಪುಟ ಒತ್ತಿ ಹಿಡಿದು, ಗ್ರೀಸು ಮೆತ್ತಿದ ಬೆರಳಿನಲ್ಲೇ ಪೆನ್ನು ತೆಗೆದುಕೊಂಡು, ಯಾರ ಜೊತೆ ಎಂಬಲ್ಲಿ ಬರೆದಳು: *ನಾನು.*

ಅವನು ಅದನ್ನು ಬಹಳ ಹೊತ್ತು ನೋಡಿದ. ಕಣ್ಣು ತುಂಬಿಕೊಂಡಿತ್ತು, ಮುಚ್ಚಿಡಲು ಹೋಗಲಿಲ್ಲ.

"ಸಾರ್" ಎಂದಳು ಅವಳು ಮೆಲ್ಲಗೆ. "ನಾನೂ ಒಂದು ಕೇಳ್ಬೇಕು. ಇದನ್ನ ನೀವು ಎಷ್ಟು ದಿನ ಮಾಡಬಲ್ಲಿರಿ?"

"ಇನ್ನ್ಮೇಲೆ ಸಾರ್ ಅನ್ಬೇಡಿ."

"ಉತ್ತರ ಹೇಳಿ ಮೊದ್ಲು."

"ಐವತ್ತು ವರ್ಷ ಆದ್ಮೇಲೂ" ಎಂದ. "ಭಾನುವಾರ ಸೇರಿಸಿ."

ಅವಳು ನಗುತ್ತ ತನ್ನ ಡಬ್ಬಿಯ ಮುಚ್ಚಳ ತೆಗೆದು ಅವನ ಕಡೆ ಸರಿಸಿದಳು. "ಹಾಗಾದ್ರೆ ಬರ್ಕೊಳ್ಳಿ" ಎಂದಳು.